ಡೂಲಾ ವಿಮೆ: ಮೊತ್ತ ಆಮೇಲೆ ನೋಡಿ, ಮೊದಲು ಒಳಪುಟ ಓದಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಕೆಲವು ಖಾಸಗಿ ಹೆರಿಗೆ ಆಸ್ಪತ್ರೆಗಳು ಡೂಲಾಗಳನ್ನು, ಅಂದರೆ ಹೆರಿಗೆಯಲ್ಲಿ ತಾಯಿಯ ಜೊತೆಗಿದ್ದು ಬೆಂಬಲ ಕೊಡುವವರನ್ನು, ಲೇಬರ್ ವಾರ್ಡಿನೊಳಕ್ಕೆ ಬಿಡುವ ಮುನ್ನ ತರಬೇತಿ ಸರ್ಟಿಫಿಕೇಟಿನ ಜೊತೆಗೆ ಹೊಣೆಗಾರಿಕೆ ವಿಮೆಯ (ಕೆಲಸದಲ್ಲಿನ ಲೋಪಕ್ಕೆ ಗಿರಾಕಿ ಪರಿಹಾರ ಕೇಳಿದರೆ ಭರಿಸುವ ವಿಮೆ) ಪ್ರತಿಯನ್ನೂ ಕೇಳುತ್ತವೆ. ಕೇಳುವುದು ಒಳ್ಳೆಯದೇ. ಆದರೆ ಕೊಟ್ಟ ಪ್ರತಿಯನ್ನು ಓದುವವರು ಕಡಿಮೆ. ಮೊದಲ ಪುಟದಲ್ಲಿ ಮೊತ್ತ ಎಷ್ಟು, ಅವಧಿ ಎಲ್ಲಿಯವರೆಗೆ ಎಂದು ನೋಡಿ ಫೈಲಿಗೆ ಸೇರಿಸಿದರೆ ಆಯಿತು. ಆಸ್ಪತ್ರೆಗೆ ನೆಮ್ಮದಿ, ಡೂಲಾಗೆ ನೆಮ್ಮದಿ, ಹಣ ಕೊಡುವ ದಂಪತಿಗೂ ನೆಮ್ಮದಿ. ಅದೇ ಪಾಲಿಸಿಯ ಒಳಪುಟದಲ್ಲಿ ‘ದೇಹಕ್ಕಾದ ಗಾಯ, ಕಾಯಿಲೆ ಅಥವಾ ಸಾವಿನಿಂದ ಹುಟ್ಟುವ ಕ್ಲೇಮುಗಳಿಗೆ ಇದು ಅನ್ವಯಿಸುವುದಿಲ್ಲ’ ಎಂಬ ಒಂದು ಸಾಲಿದ್ದರೆ ಮೂವರ ನೆಮ್ಮದಿಗೂ ಬುಡವಿಲ್ಲ. ಈ ಸಾಲಿರುವ ಪಾಲಿಸಿಯೇ ಡೂಲಾಗಳ ಕೈಗೆ ಸುಲಭವಾಗಿ ಸಿಗುವಂಥದ್ದು. ಅದೇಕೆ ಹಾಗೆ, ಸರಿಯಾದ ಪಾಲಿಸಿಯಲ್ಲಿ ಏನಿರಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಡೂಲಾ ಎಂದರೆ ಸೂಲಗಿತ್ತಿ ಎಂದುಕೊಂಡವರು ಇನ್ನೂ ಬಹಳ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಮಕ್ಕಳನ್ನು ಕೈಯಾರೆ ಹೊರತೆಗೆದವರು. ಡೂಲಾ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ. ಬೆನ್ನು ನೀವುವುದು, ಸೊಂಟ ಒತ್ತಿ ಹಿಡಿಯುವುದು, ಭಂಗಿ ಬದಲಿಸಲು ನೆರವಾಗುವುದು, ಉಸಿರಾಟಕ್ಕೆ ಜೊತೆಯಾಗುವುದು, ಡಾಕ್ಟರು ಹೇಳಿದ್ದು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಧೈರ್ಯ ತುಂಬುವುದು, ಇಷ್ಟೇ ಆಕೆಯ ಕಸುಬು. ಒಳಪರೀಕ್ಷೆ ಮಾಡುವುದು, ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಮಾತ್ರೆ ಹೇಳುವುದು ಆಕೆಯ ಕೆಲಸವಲ್ಲ. ದಾದಿಯರಿಗೂ ಮಿಡ್‌ವೈಫ್‌ಗಳಿಗೂ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯಿದೆ. ಡೂಲಾಗೆ ಅಂಥ ಕಾಯ್ದೆಯೂ ಇಲ್ಲ, ನೋಂದಣಿ ಪುಸ್ತಕವೂ ಇಲ್ಲ.

ವಿಮೆಯ ಗೋಜಲು ಶುರುವಾಗುವುದು ಇಲ್ಲಿಂದಲೇ. ವಿಮಾ ಕಂಪನಿಯ ಅರ್ಜಿಯಲ್ಲಿ ವೃತ್ತಿಯ ಕಾಲಂ ಇರುತ್ತದೆ. ಡಾಕ್ಟರ ಪ್ರೊಫೆಷನಲ್ ಇನ್‌ಡೆಮ್ನಿಟಿ (ವೃತ್ತಿ ಹೊಣೆಗಾರಿಕೆ) ಪಾಲಿಸಿ ಬೇಕೆಂದರೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಕೇಳುತ್ತಾರೆ. ಅದಿಲ್ಲ. ಆಗ ಏಜೆಂಟರು ‘ಇತರ ವೃತ್ತಿಗಳು’ ಎಂಬ ಪಾಲಿಸಿಗೆ ಕೈ ತೋರಿಸುತ್ತಾರೆ. ವೃತ್ತಿಯ ಜಾಗದಲ್ಲಿ ‘ವೆಲ್‌ನೆಸ್ ಕನ್ಸಲ್ಟೆಂಟ್’ ಎಂದೋ ‘ಹೆಲ್ತ್ ಎಜುಕೇಟರ್’ ಎಂದೋ ಬರೆದು ಮುಗಿಸುತ್ತಾರೆ. ಈ ಪಾಲಿಸಿ ಹುಟ್ಟಿದ್ದು ಮ್ಯಾನೇಜ್‌ಮೆಂಟ್ ಸಲಹೆಗಾರರು, ತರಬೇತುದಾರರು, ಈವೆಂಟ್ ನಡೆಸುವವರು ಮುಂತಾದವರಿಗಾಗಿ. ಅವರು ತಪ್ಪಿದರೆ ಗಿರಾಕಿಗೆ ಆಗುವುದು ಹಣದ ನಷ್ಟ. ಆದ್ದರಿಂದ ದೇಹದ ಗಾಯವನ್ನು ಹೊರಗಿಡುವ ಷರತ್ತು ಅಲ್ಲಿ ಸಹಜ. ಡೂಲಾ ವಿಷಯದಲ್ಲಿ ಲೆಕ್ಕ ಉಲ್ಟಾ. ಆಕೆಯ ಮೇಲೆ ಬರಬಹುದಾದ ದೊಡ್ಡ ಕ್ಲೇಮುಗಳೆಲ್ಲ ತಾಯಿಯ ದೇಹದ್ದು ಇಲ್ಲವೇ ಮಗುವಿನ ದೇಹದ್ದು. ಡಾಕ್ಟರ ಪಾಲಿಸಿಗೆ ಅರ್ಹತೆಯಿಲ್ಲ, ಸಲಹೆಗಾರರ ಪಾಲಿಸಿಯಲ್ಲಿ ರಕ್ಷಣೆಯಿಲ್ಲ: ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು. ಪ್ರೀಮಿಯಂ ಮಾತ್ರ ವರ್ಷವರ್ಷ ತಪ್ಪದೆ ಹೋಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಕೊಟೇಶನ್ ಬಂದಾಗ ಮೊತ್ತ ನೋಡುವ ಮುನ್ನ ಪಾಲಿಸಿಯ ಪೂರ್ತಿ ನಿಯಮಾವಳಿಯನ್ನು ತರಿಸಿಕೊಳ್ಳಬೇಕು. ಎರಡು ಪುಟದ ಬ್ರೋಷರ್ ಸಾಲದು. ಅದರಲ್ಲಿ ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ ದೇಹದ ಗಾಯದ ಮಾತಿದೆಯೇ ನೋಡಬೇಕು. ಇದ್ದರೆ ‘ವೃತ್ತಿಸೇವೆಯಲ್ಲಿನ ಲೋಪದಿಂದಾದ ದೈಹಿಕ ಗಾಯ, ಕಾಯಿಲೆ, ಸಾವಿಗೂ ರಕ್ಷಣೆ ಅನ್ವಯಿಸುತ್ತದೆ’ ಎಂದು ಪಾಲಿಸಿಯ ಷರತ್ತು ತಿದ್ದುವ ಎಂಡಾರ್ಸ್‌ಮೆಂಟ್ ಬರೆಸಿಕೊಳ್ಳಬೇಕು. ಏಜೆಂಟರು ಫೋನಿನಲ್ಲಿ ‘ಎಲ್ಲಾ ಕವರ್ ಆಗುತ್ತೆ ಮೇಡಂ’ ಎಂದರೆ ಅದಕ್ಕೆ ಬೆಲೆಯಿಲ್ಲ. ಕಂಪನಿಯ ಅಂಡರ್‌ರೈಟರ್ (ವಿಮೆ ಕೊಡಬಹುದೇ ಎಂದು ತೀರ್ಮಾನಿಸುವ ಅಧಿಕಾರಿ) ಒಪ್ಪಿ ಪಾಲಿಸಿಗೆ ಅಂಟಿಸಿದ ಕಾಗದಕ್ಕಷ್ಟೇ ಬೆಲೆ. ಒಪ್ಪದಿದ್ದರೆ ಆ ಪಾಲಿಸಿ ಡೂಲಾಗೆ ಬೇಡ. ಬೇರೆ ಕಂಪನಿ ನೋಡಿ.

ಎರಡನೆಯದು ಷೆಡ್ಯೂಲಿನಲ್ಲಿ, ಅಂದರೆ ಪಾಲಿಸಿದಾರರ ವಿವರಗಳಿರುವ ಪುಟದಲ್ಲಿ, ಬರೆಯುವ ವೃತ್ತಿವಿವರಣೆ. ಕ್ಲೇಮು ಬಂದಾಗ ಕಂಪನಿಯವರು ಮೊದಲು ತೆರೆಯುವುದು ಈ ಸಾಲನ್ನೇ. ‘ಗರ್ಭಿಣಿಗೆ ಹೆರಿಗೆಗೆ ಮುನ್ನ, ಹೆರಿಗೆಯ ಹೊತ್ತಿನಲ್ಲಿ ಮತ್ತು ಬಾಣಂತನದಲ್ಲಿ ವೈದ್ಯಕೀಯವಲ್ಲದ ದೈಹಿಕ ಹಾಗೂ ಭಾವನಾತ್ಮಕ ಬೆಂಬಲ ಮತ್ತು ಮಾಹಿತಿ ನೀಡುವ ಡೂಲಾ ಸೇವೆ’ ಎಂಬ ಅರ್ಥ ಬರುವಂತೆ ಬರೆಸಬೇಕು. ಇದಕ್ಕೆ ಹೊರತಾಗಿ ಆಕೆ ಮಾಡುವ ಕೆಲಸವೆಲ್ಲ ಬೇರೆಬೇರೆಯಾಗಿ ಹೆಸರು ಹಿಡಿದು ಬರಬೇಕು: ಪ್ರಸವಪೂರ್ವ ತರಗತಿ, ಎದೆಹಾಲಿನ ಸಲಹೆ, ಗರ್ಭಿಣಿಯರ ಯೋಗ, ಬಾಣಂತಿಯ ಮಸಾಜು, ಮಗುವಿನ ಎಣ್ಣೆಸ್ನಾನ. ಕೊನೆಯದನ್ನು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನಲ್ಲಿ ಹೆರಿಗೆ ಡೂಲಾ ಆಗಿದ್ದವರೇ ಬಾಣಂತನದ ಕೆಲಸವನ್ನೂ ಒಪ್ಪಿಕೊಳ್ಳುವುದುಂಟು. ಮನೆಯ ಅಜ್ಜಿ ‘ಮೂಗಿಗೂ ಕಿವಿಗೂ ಎರಡು ಹನಿ ಎಣ್ಣೆ ಬಿಡಮ್ಮ’ ಎನ್ನುತ್ತಾರೆ. ಮೂಗಿಗೆ ಬಿಟ್ಟ ಎಣ್ಣೆ ಎಳೆಗೂಸಿನ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಬಹುದು. ಬಿಟ್ಟ ಕೈ ಡೂಲಾಳದು, ಷೆಡ್ಯೂಲಿನಲ್ಲಿ ಮಗುವಿನ ಎಣ್ಣೆಸ್ನಾನದ ಮಾತೇ ಇಲ್ಲ. ಆ ಕ್ಲೇಮಿಗೆ ವಿಮೆ ಸಿಗುವುದಿಲ್ಲ.

ಕ್ಲೇಮುಗಳು ಎಲ್ಲಿಂದ ಬರುತ್ತವೆ ಎಂಬುದು ಡೂಲಾಗಳಿಗಿಂತ ಆಸ್ಪತ್ರೆಯ ದಾದಿಯರಿಗೆ ಚೆನ್ನಾಗಿ ಗೊತ್ತು. ಬಿಸಿನೀರಿನ ಚೀಲವನ್ನೇ ತೆಗೆದುಕೊಳ್ಳಿ. ನೋವು ಶುರುವಾದ ಹೊತ್ತಿನಲ್ಲಿ ಸೊಂಟಕ್ಕೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ, ನೋವು ತಗ್ಗಿಸುವ ಇಂಜೆಕ್ಷನ್) ಕೊಟ್ಟ ಮೇಲೆ ಸೊಂಟದ ಕೆಳಗೆ ಬಿಸಿ ತಿಳಿಯುವುದಿಲ್ಲ. ಚರ್ಮ ಸುಡುತ್ತಿದ್ದರೂ ಗರ್ಭಿಣಿ ಸುಮ್ಮನೆ ಮಲಗಿರುತ್ತಾಳೆ. ಬೊಬ್ಬೆ ಕಾಣುವುದು ಬೆಡ್‌ಶೀಟ್ ಬದಲಿಸುವಾಗ. ಆದ್ದರಿಂದ ಎಪಿಡ್ಯೂರಲ್ ಹಾಕಿದ ಕ್ಷಣದಿಂದ ಶಾಖ ಬಂದ್. ಅದಕ್ಕೆ ಮುಂಚೆಯೂ ಕುದಿಯುವ ನೀರು ಹಾಕಬಾರದು. ಚೀಲದ ಮೂರನೇ ಎರಡು ಭಾಗ ತುಂಬಿ, ಗಾಳಿ ಒತ್ತಿ ತೆಗೆದು, ಮುಚ್ಚಳ ಬಿಗಿದು, ಟವೆಲಿನಲ್ಲಿ ಸುತ್ತಿ ಕೊಡಬೇಕು. ಒಂದೇ ಜಾಗದಲ್ಲಿ ಇಟ್ಟು ಮರೆಯಬಾರದು. ಹೀಗೆಯೇ ದೊಡ್ಡ ಚೆಂಡು. ಸಾಧಾರಣ ಎತ್ತರದವರಿಗೆ 65 ಸೆಂಟಿಮೀಟರ್, ಎತ್ತರದವರಿಗೆ 75. ಕೂತಾಗ ಮಂಡಿಗಿಂತ ಸೊಂಟ ತುಸು ಮೇಲಿರಬೇಕು. ನೀರು ಒಡೆದು ಟೈಲ್ಸ್ ಮೇಲೆ ಚೆಲ್ಲಿದ್ದರೆ ಚೆಂಡು ಸರ್ರನೆ ಜಾರುತ್ತದೆ. ಒರೆಸದೆ, ಹಿಂದೆ ಒಬ್ಬರು ನಿಲ್ಲದೆ ಕೂರಿಸಬಾರದು.

ಇವು ಕಣ್ಣಿಗೆ ಕಾಣುವ ಅಪಾಯಗಳು. ಕಾಣದ ಅಪಾಯ ಮೊಬೈಲಿನಲ್ಲಿದೆ. ಒಂದು ಮಾದರಿ ನೋಡಿ. ಸಂಜೆ 6.40ಕ್ಕೆ ಗರ್ಭಿಣಿಯ ವಾಟ್ಸ್‌ಆ್ಯಪ್ ಸಂದೇಶ: ‘ಅಕ್ಕಾ, ಮಧ್ಯಾಹ್ನದಿಂದ ಪಾಪು ಅಷ್ಟಾಗಿ ಒದೀತಿಲ್ಲ ಅನ್ಸತ್ತೆ.’ 6.52ಕ್ಕೆ ಉತ್ತರ: ‘ಏನೂ ಆಗಲ್ಲ ಬಿಡಿ, ಜ್ಯೂಸ್ ಕುಡಿದು ಎಡಮಗ್ಗುಲಲ್ಲಿ ಸ್ವಲ್ಪ ಹೊತ್ತು ಮಲಗಿ.’ ಧೈರ್ಯ ಹೇಳುವ ಅಭ್ಯಾಸದಿಂದ ಬಂದ ಮಾತು ಅದು. ವಕೀಲರ ಕೈಗೆ ಸಿಕ್ಕಾಗ ಅದೇ ಮಾತು ವೈದ್ಯಕೀಯ ಸಲಹೆ, ಆಸ್ಪತ್ರೆಗೆ ಹೋಗುವುದನ್ನು ತಡೆದ ಸಲಹೆ. ವಿಮಾ ಕಂಪನಿಯೂ ಅದನ್ನೇ ಎತ್ತಿ ತೋರಿಸಿ, ‘ಪಾಲಿಸಿಯಲ್ಲಿರುವುದು ವೈದ್ಯಕೀಯವಲ್ಲದ ಸೇವೆ ಮಾತ್ರ’ ಎನ್ನುತ್ತದೆ. ಬರೆಯಬೇಕಾದ ಉತ್ತರ ಇಷ್ಟೇ: ‘ಇದು ಕಾಯುವ ವಿಷಯ ಅಲ್ಲ. ಈಗಲೇ ಲೇಬರ್ ವಾರ್ಡಿಗೆ ಫೋನ್ ಮಾಡಿ ಹೊರಡಿ, ನಾನೂ ಅಲ್ಲಿಗೇ ಬರ್ತೀನಿ.’ ಮಗುವಿನ ಒದೆತ ಕಡಿಮೆ, ರಕ್ತಸ್ರಾವ, ನೀರು ಹಸಿರಾಗಿ ಬರುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಜ್ವರ: ಈ ಯಾವುದಕ್ಕೂ ಡೂಲಾಳ ಬಳಿ ‘ಆಸ್ಪತ್ರೆಗೆ ಹೋಗಿ’ ಎಂಬುದರ ಹೊರತು ಉತ್ತರ ಇರಬಾರದು. ದಿನ ತುಂಬಿದೆ, ನೋವು ಬರಲಿಲ್ಲ ಎಂದು ಹರಳೆಣ್ಣೆ ಕುಡಿಸುವುದು ಊರುಕೇರಿಯಲ್ಲಿ ಎಲ್ಲರೂ ಹೇಳುವ ಮಾತು. ಅದನ್ನೇ ಡೂಲಾ ಹೇಳಿದರೆ ಔಷಧ ಹೇಳಿದಂತೆ.

ಇನ್ನು ಪಾಲಿಸಿಯ ವಿಧ. ಸಲಹೆ, ಸೇವೆಯಲ್ಲಿನ ಲೋಪಕ್ಕೆ ಪ್ರೊಫೆಷನಲ್ ಇನ್‌ಡೆಮ್ನಿಟಿ. ತರಗತಿಗೆ ಬಂದ ಗರ್ಭಿಣಿಯ ಗಂಡ ಮೆಟ್ಟಿಲಲ್ಲಿ ಜಾರಿ ಬಿದ್ದರೆ, ಬಾಡಿಗೆ ಹಾಲ್‌ನ ಮರದ ನೆಲಕ್ಕೆ ನೀರಿನ ಟಬ್ ಮಗುಚಿದರೆ ಬೇಕಾದದ್ದು ಪಬ್ಲಿಕ್ ಲಯಬಿಲಿಟಿ. ಮೊದಲನೆಯದಿದ್ದರೆ ಎರಡನೆಯದೂ ಇದ್ದಂತೆ ಎಂದುಕೊಳ್ಳಬಾರದು. ಆಸ್ಪತ್ರೆಗೆ ಮಾತ್ರ ಹೋಗುವ ಡೂಲಾಗೆ ಮೊದಲನೆಯದು ಮುಖ್ಯ. ಮನೆಯಲ್ಲೋ ಹಾಲ್‌ನಲ್ಲೋ ತರಗತಿ ನಡೆಸುವವರಿಗೆ ಎರಡೂ ಬೇಕು.

ಬಹಳ ಜನ ಎಡವುವುದು ಪಾಲಿಸಿಯ ಅವಧಿಯಲ್ಲಿ. ಬೈಕಿನ ವಿಮೆಯಲ್ಲಿ ಅಪಘಾತವಾದ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು. ವೃತ್ತಿ ಹೊಣೆಗಾರಿಕೆ ವಿಮೆ ಹಾಗಲ್ಲ. ಘಟನೆ ನಡೆದ ದಿನ ರೆಟ್ರೊಆ್ಯಕ್ಟಿವ್ ತಾರೀಕಿನ (ಯಾವ ದಿನದಿಂದ ನಡೆದ ಘಟನೆಗಳಿಗೆ ರಕ್ಷಣೆ ಎಂದು ಪಾಲಿಸಿಯಲ್ಲಿ ಬರೆದ ದಿನ) ನಂತರದ್ದಾಗಿರಬೇಕು, ಜೊತೆಗೆ ಕ್ಲೇಮು ಬಂದ ದಿನವೂ ಪಾಲಿಸಿ ಜೀವಂತವಿರಬೇಕು. ಒಂದು ಲೆಕ್ಕ ಹಾಕಿ. ಡೂಲಾಳ ಮೊದಲ ಪಾಲಿಸಿ 2023ರ ಜೂನ್ 1ರಿಂದ 2024ರ ಮೇ 31ರವರೆಗೆ. ಹೆರಿಗೆ ಆದದ್ದು 2024ರ ಮಾರ್ಚ್ 10ರಂದು. ಮೇ ಕೊನೆಯಲ್ಲಿ ನವೀಕರಿಸಲು ಮರೆತು, ಆಗಸ್ಟ್ 1ರಂದು ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಕಂಪನಿಯಲ್ಲಿ ಹೊಸ ಪಾಲಿಸಿ ಮಾಡಿಸಿದ್ದಾಳೆ. ಹೊಸ ಕಂಪನಿ ರೆಟ್ರೊಆ್ಯಕ್ಟಿವ್ ತಾರೀಕನ್ನೂ ಆಗಸ್ಟ್ 1 ಎಂದೇ ಬರೆದಿದೆ. ನೋಟಿಸು ಬಂದದ್ದು 2026ರ ಜನವರಿಯಲ್ಲಿ. ಹಳೆಯ ಪಾಲಿಸಿ ಸತ್ತಿದೆ, ಹೊಸತಕ್ಕೆ ಘಟನೆ ಹಳೆಯದು. ಎರಡು ಕಂಪನಿಗೂ ಪ್ರೀಮಿಯಂ ಕಟ್ಟಿದ್ದರೂ ರಕ್ಷಣೆ ಸೊನ್ನೆ. ಕಂಪನಿ ಬದಲಿಸುವುದು ತಪ್ಪಲ್ಲ. ಆದರೆ ಅವಧಿ ಮುಗಿಯುವ ಮುನ್ನ ಬದಲಿಸಬೇಕು, ಹಳೆಯ ರೆಟ್ರೊಆ್ಯಕ್ಟಿವ್ ತಾರೀಕನ್ನೇ ಹೊಸ ಷೆಡ್ಯೂಲಿನಲ್ಲಿ ಮುಂದುವರಿಸಿ ಬರೆಸಬೇಕು. ಕಸುಬು ಬಿಟ್ಟವರೂ ತಕ್ಷಣ ಪಾಲಿಸಿ ಕೈಬಿಡುವಂತಿಲ್ಲ. ಗ್ರಾಹಕ ದೂರಿಗೆ ಕಾಲಮಿತಿ ಎರಡು ವರ್ಷ, ವಿಳಂಬ ಮನ್ನಿಸುವ ಅಧಿಕಾರವೂ ಗ್ರಾಹಕ ಆಯೋಗಕ್ಕಿದೆ. ಮಗುವಿನ ಹೆಸರಿನ ಸಿವಿಲ್ ದಾವೆಗಾದರೆ, ಅದು ವಯಸ್ಕನಾದ ಮೇಲೆಯೂ ಅವಕಾಶ ಉಳಿದಿರಬಹುದು. ಬಿಟ್ಟ ಮೇಲೂ ಕ್ಲೇಮು ತಿಳಿಸಲು ಹೆಚ್ಚುವರಿ ಅವಧಿ ಕೊಡುವ ಷರತ್ತು ಇದೆಯೇ, ಎಷ್ಟು ದಿನ, ಎಷ್ಟು ಹಣ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಮೊತ್ತದ ಆಟ ಇನ್ನೊಂದು. ಮೊದಲ ಪುಟದಲ್ಲಿ ₹20 ಲಕ್ಷ ಎಂದಿರುತ್ತದೆ. ಪಕ್ಕದಲ್ಲಿ ಸಣ್ಣದಾಗಿ 1:4. ಅಂದರೆ ಇಡೀ ವರ್ಷಕ್ಕೆ 20 ಲಕ್ಷ, ಒಂದೊಂದು ಘಟನೆಗೆ 5 ಲಕ್ಷ ಮಾತ್ರ. ವಕೀಲರ ಖರ್ಚು ಸಾಮಾನ್ಯವಾಗಿ ಈ ಮಿತಿಯೊಳಗೇ ಸೇರಿರುತ್ತದೆ. ಪರಿಹಾರ ₹8 ಲಕ್ಷ, ಕೇಸಿನ ಖರ್ಚು ₹1.2 ಲಕ್ಷ ಎಂದಾದರೆ ಕಂಪನಿ ಕೊಡುವುದು 5, ಡೂಲಾ ಕೈಯಿಂದ ಹೋಗುವುದು 4.2. ಡಿಡಕ್ಟಿಬಲ್ (ಪ್ರತಿ ಕ್ಲೇಮಿನಲ್ಲಿ ಪಾಲಿಸಿದಾರರೇ ಭರಿಸಬೇಕಾದ ಪಾಲು) ಬೇರೆ. ವರ್ಷಕ್ಕೆ ಹತ್ತು ಹದಿನೈದು ಹೆರಿಗೆಗೆ ಹೋಗುವ ಡೂಲಾ ಮೇಲೆ ಒಂದೇ ವರ್ಷ ನಾಲ್ಕು ಕ್ಲೇಮು ಬರುವುದು ಅಪರೂಪ. ಬಂದರೆ ಒಂದು ದೊಡ್ಡದು ಬರುತ್ತದೆ. ಆದ್ದರಿಂದ 1:1 ಅನುಪಾತವೇ ಸರಿ. ಗುಂಪು ಪಾಲಿಸಿಯಾದರೆ ಇನ್ನೊಂದು ಪ್ರಶ್ನೆ: ₹50 ಲಕ್ಷವನ್ನು 30 ಮಂದಿ ಹಂಚಿಕೊಳ್ಳಬೇಕೋ, ಒಬ್ಬೊಬ್ಬರಿಗೆ ಬೇರೆ ಮಿತಿಯಿದೆಯೋ? ಹಂಚಿಕೊಳ್ಳುವುದಾದರೆ ಮೊದಲು ಬಂದ ಕ್ಲೇಮಿಗೆ ಊಟ, ಆಮೇಲೆ ಬಂದವರಿಗೆ ಎಲೆ ಮಾತ್ರ.

‘ಡೂಲಾ ಮೇಲೆ ಯಾರು ಕೇಸು ಹಾಕುತ್ತಾರೆ’ ಎಂಬ ಮಾತು ಕೇಳಿಬರುತ್ತದೆ. ಹಾಕುವುದು ಈಗ ಕಷ್ಟವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಣ ಕೊಟ್ಟು ಪಡೆದ ಸೇವೆಯೆಲ್ಲ ಸೇವೆಯೇ. ದೂರು ಯಾವ ಮಟ್ಟದ ಆಯೋಗಕ್ಕೆ, ಶುಲ್ಕ ಎಷ್ಟು ಎಂಬುದು ನಿಲ್ಲುವುದು ಗಿರಾಕಿ ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟದ್ದು ₹5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಡೂಲಾಳ ಫೀಸು ಆ ಗೆರೆ ದಾಟುವುದಿಲ್ಲ. ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ಆನ್‌ಲೈನ್ ಮೂಲಕ ಸಲ್ಲಿಸಬಹುದು. ವಾಸ್ತವದಲ್ಲಿ ದೂರು ಆಸ್ಪತ್ರೆಯ ಮೇಲೆ, ಡಾಕ್ಟರ ಮೇಲೆ ಹೂಡುವಾಗ ಡೂಲಾ ಹೆಸರನ್ನೂ ಎದುರುದಾರರ ಪಟ್ಟಿಗೆ ಸೇರಿಸಿದರೆ ಸಾಕು. ತಪ್ಪು ಇಲ್ಲದಿದ್ದರೂ ವಕೀಲರನ್ನು ಹಿಡಿಯಲೇಬೇಕು, ವರ್ಷಗಟ್ಟಲೆ ಅಲೆಯಬೇಕು. ಬಹಳ ಪ್ರಕರಣಗಳಲ್ಲಿ ವಿಮೆಯ ನಿಜವಾದ ಉಪಯೋಗ ಈ ಖರ್ಚಿಗೇ.

ಕ್ರಿಮಿನಲ್ ಕಡೆ ಇನ್ನೂ ಬಿಗಿ. ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸಜೆ. ನೋಂದಾಯಿತ ವೈದ್ಯರು ಚಿಕಿತ್ಸೆ ನೀಡುವಾಗ ಆದದ್ದಾದರೆ ಎರಡು ವರ್ಷದವರೆಗೆ. ಡೂಲಾ ನೋಂದಾಯಿತ ವೈದ್ಯೆಯಲ್ಲ. ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳುತ್ತೇವೆ, ಮಿಡ್‌ವೈಫ್ ಬೇಡ, ನೀವೊಬ್ಬರೇ ಸಾಕು ಎನ್ನುವ ದಂಪತಿಗೆ ‘ಆಗಲಿ’ ಎನ್ನುವವರು ಈ ಕಲಮನ್ನೊಮ್ಮೆ ಓದಬೇಕು. ಇಂಥ ಹೆರಿಗೆಯಲ್ಲಿ ಡೂಲಾ ಮಾಡುವುದೆಲ್ಲ ಆಕೆಯ ವೃತ್ತಿವಿವರಣೆಯ ಹೊರಗಿನದು. ದಂಡವನ್ನಾಗಲಿ ಸಜೆಯನ್ನಾಗಲಿ ಯಾವ ವಿಮೆಯೂ ಹೊರುವುದಿಲ್ಲ.

ಆಸ್ಪತ್ರೆಗಳಿಗೆ ಒಂದು ಮಾತು. ವಿಮೆಯ ಪ್ರತಿಯ ಜೊತೆಗೆ ಕೆಲವೆಡೆ ಮುಚ್ಚಳಿಕೆಯೊಂದನ್ನೂ ಬರೆಸಿಕೊಳ್ಳುತ್ತಾರೆ: ‘ನನ್ನ ಹಾಜರಿಯಿಂದ ತಾಯಿಗೆ, ಮಗುವಿಗೆ, ಆಸ್ಪತ್ರೆಗೆ ಆಗುವ ಎಲ್ಲ ನಷ್ಟಕ್ಕೂ ನಾನೇ ಹೊಣೆ, ಆಸ್ಪತ್ರೆಯ ಮೇಲೆ ಬರುವ ಕ್ಲೇಮನ್ನೂ ನಾನೇ ಭರಿಸುತ್ತೇನೆ.’ ಈ ಕಾಗದ ವಿಮೆಯನ್ನೇ ತಿಂದುಹಾಕುತ್ತದೆ. ಕಾನೂನು ಹೊರಿಸದ ಹೊಣೆಯನ್ನು ಒಪ್ಪಂದದ ಮೂಲಕ ತಾನಾಗಿ ಹೊತ್ತುಕೊಂಡರೆ ಅದಕ್ಕೆ ರಕ್ಷಣೆಯಿಲ್ಲ ಎಂಬ ಷರತ್ತು ಹೊಣೆಗಾರಿಕೆ ಪಾಲಿಸಿಗಳಲ್ಲಿ ಮಾಮೂಲಿ. ಒಂದು ಕೈಯಲ್ಲಿ ವಿಮೆ ಕೇಳಿ ಇನ್ನೊಂದು ಕೈಯಲ್ಲಿ ಅದನ್ನು ನಿಷ್ಪ್ರಯೋಜಕ ಮಾಡುವ ರುಜು ಹಾಕಿಸಿಕೊಂಡರೆ ಆಸ್ಪತ್ರೆಗೂ ಲಾಭವಿಲ್ಲ. ವಸೂಲಿ ಮಾಡಲು ಡೂಲಾ ಹತ್ತಿರ ಹಣವೆಲ್ಲಿದೆ? ಮುಚ್ಚಳಿಕೆಯ ಬದಲು ಒಂದು ಪುಟದ ಕೆಲಸದ ಗೆರೆ ಸಾಕು. ಡೂಲಾ ಯಂತ್ರಗಳನ್ನು ಮುಟ್ಟುವುದಿಲ್ಲ, ಔಷಧದ ವಿಚಾರದಲ್ಲಿ ಬಾಯಿ ಹಾಕುವುದಿಲ್ಲ, ಪಕ್ಕದ ಹಾಸಿಗೆಗೆ ಹೋಗುವುದಿಲ್ಲ, ತುರ್ತು ಬಂದಾಗ ದಾದಿ ಹೇಳಿದ ತಕ್ಷಣ ಗೋಡೆಗೆ ಸರಿಯುತ್ತಾಳೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯಾಗಿ ಬರುವ ಅತ್ತಿಗೆ, ಚಿಕ್ಕಮ್ಮಂದಿರಿಗೆ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೆಚ್ಚು ಕಡಿಮೆ ಇಂಥದೇ ಗೆರೆ ಹಾಕಿದೆ: ಸಿಬ್ಬಂದಿಯ ಕೆಲಸಕ್ಕೆ ಅಡ್ಡಬರಬಾರದು, ಬೇರೆ ಹೆಂಗಸರ ಆರೈಕೆಗೆ ಹೋಗಬಾರದು. ಅದನ್ನೇ ತುಸು ತಿದ್ದಿ ಬಳಸಬಹುದು.

ಜಾಹೀರಾತಿನಲ್ಲೂ ಇದೇ ಅಪಾಯವಿದೆ. ಹೆರಿಗೆಯುದ್ದಕ್ಕೂ ಜೊತೆಗೊಬ್ಬರಿದ್ದರೆ ಸಿಜೇರಿಯನ್ ಕಡಿಮೆ, ಹೆರಿಗೆಯ ಹೊತ್ತೂ ತುಸು ಕಡಿಮೆ ಎಂದು ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟುಹಾಕಿ ಹೇಳಿದೆ. ಅದು ಸರಾಸರಿಯ ಮಾತು. ಅದನ್ನೇ ಹಿಡಿದು ಇನ್‌ಸ್ಟಾಗ್ರಾಂನಲ್ಲಿ ‘ನಾರ್ಮಲ್ ಡೆಲಿವರಿ ಗ್ಯಾರಂಟಿ’ ಎಂದು ಹಾಕಿದರೆ, ಗ್ಯಾರಂಟಿ ಕೊಟ್ಟ ಫಲಿತಾಂಶಕ್ಕೆ ರಕ್ಷಣೆಯಿಲ್ಲ ಎಂಬ ಷರತ್ತು ಮುಂದೆ ಬರುತ್ತದೆ. ದೂರುದಾರರಿಗೆ ಸಾಕ್ಷಿಯನ್ನು ನಾವೇ ಬರೆದುಕೊಟ್ಟಂತೆಯೂ ಆಯಿತು.

ಸಣ್ಣಪುಟ್ಟವು ಇನ್ನೂ ಇವೆ. ಪಾಲಿಸಿ ಹೆಸರಿರುವವರಿಗೆ ಮಾತ್ರ. ಜ್ವರ ಬಂದು ಬದಲಿಗೆ ಕಳಿಸಿದ ಗೆಳತಿಗೆ ಆಕೆಯದೇ ಪಾಲಿಸಿ ಇರಬೇಕು. ಹೋಗಲಾಗದೆ ವಾಪಸು ಕೊಡಬೇಕಾದ ಫೀಸನ್ನು ವಿಮೆ ಕಟ್ಟಿಕೊಡುವುದಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡತಿಗೆ ಝೂಮ್‌ನಲ್ಲಿ ತರಗತಿ ನಡೆಸುವವರು ‘ವ್ಯಾಪ್ತಿ: ಭಾರತ’ ಎಂಬ ಸಾಲು ನೋಡಿಕೊಳ್ಳಬೇಕು; ಅಲ್ಲಿನ ಕೋರ್ಟಿನ ಕೇಸಿಗೆ ಇಲ್ಲಿನ ಪಾಲಿಸಿ ನಡೆಯುವುದಿಲ್ಲ. ಅಲ್ಲಿ ಡೂಲಾಗಳಿಗೆಂದೇ ಇರುವ ಪಾಲಿಸಿ ಇಂದಿರಾನಗರದ ಹೆರಿಗೆಗೂ ನಡೆಯುತ್ತದೆ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಲಿಖಿತ ಒಪ್ಪಿಗೆ ಇಲ್ಲದೆ ಮಗುವಿನ ಫೋಟೊ ಹಾಕಬೇಡಿ. ಜಿಎಸ್‌ಟಿ ವಿಚಾರ: 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಹೋದದ್ದು ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲೆ. ಹೊಣೆಗಾರಿಕೆ ವಿಮೆಗೆ ಶೇ 18 ಹಾಗೆಯೇ ಇದೆ, ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ನೋಟಿಸು ಬಂದ ದಿನದ ಕೆಲಸ ಹೀಗೆ. ಲಕೋಟೆಯ ಮೇಲೆ ಕೈಗೆ ಸಿಕ್ಕಿದ ತಾರೀಕು ಬರೆಯಿರಿ, ಲಕೋಟೆ ಎಸೆಯಬೇಡಿ. ಅದೇ ದಿನ ವಿಮಾ ಕಂಪನಿಗೆ ಇಮೇಲ್ ಮಾಡಿ, ಪ್ರತಿ ಲಗತ್ತಿಸಿ. ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತಲ್ಲ. ಗಿರಾಕಿಗೆ ಫೋನ್ ಮಾಡಿ ‘ತಪ್ಪಾಯ್ತು, ಏನಾದರೂ ಕೊಟ್ಟು ಮುಗಿಸೋಣ’ ಎನ್ನಬಾರದು. ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡರೆ, ರಾಜಿ ಮಾಡಿಕೊಂಡರೆ ರಕ್ಷಣೆ ಬಿದ್ದುಹೋಗುತ್ತದೆ. ವಕೀಲರನ್ನು ಗೊತ್ತುಮಾಡುವುದಕ್ಕೂ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಗ್ರಾಹಕ ಆಯೋಗದ ನೋಟಿಸಾದರೆ, ದೂರಿನ ಪ್ರತಿಯೊಂದಿಗೆ ಅದು ಕೈಸೇರಿದ ದಿನದಿಂದ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಈ 45 ದಿನ ದಾಟಿದರೆ ವಿಸ್ತರಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಕಂಪನಿ ‘ಪರಿಶೀಲನೆಯಲ್ಲಿದೆ’ ಎನ್ನುತ್ತ ಕೂತರೂ ಈ ಗಡಿಯಾರ ನಿಲ್ಲುವುದಿಲ್ಲ. ಫೋನ್ ಬದಲಿಸಬೇಡಿ, ಚಾಟ್ ಅಳಿಸಬೇಡಿ. ವಾಟ್ಸ್‌ಆ್ಯಪ್ ಸಂದೇಶವನ್ನು ಸಾಕ್ಷಿಯಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಸಾಧನ ಕೈಯಲ್ಲಿರಬೇಕು.

ನೋಟಿಸು ಬರುವ ಮುನ್ನವೇ ಒಂದು ಕೆಲಸವಿದೆ. ಹೆರಿಗೆಯಲ್ಲಿ ಏನೋ ಎಡವಟ್ಟಾಗಿದೆ, ಮನೆಯವರು ಮುನಿಸಿಕೊಂಡಿದ್ದಾರೆ ಎಂದು ಕಂಡಾಗಲೇ ಕಂಪನಿಗೆ ‘ಕ್ಲೇಮಿಗೆ ದಾರಿಯಾಗಬಹುದಾದ ಸಂದರ್ಭ’ ಎಂದು ಬರೆದು ತಿಳಿಸಬಹುದು. ಹಾಗೆ ತಿಳಿಸಲು ಪಾಲಿಸಿಯಲ್ಲಿ ಅವಕಾಶವಿದ್ದರೆ, ಮುಂದೆ ಬರುವ ಕ್ಲೇಮು ಆ ವರ್ಷದ ಪಾಲಿಸಿಗೇ ಸೇರುತ್ತದೆ. ತಿಳಿಸದೆ ಮುಚ್ಚಿಟ್ಟು ನವೀಕರಿಸಿದರೆ ‘ಮೊದಲೇ ಗೊತ್ತಿತ್ತು’ ಎಂದು ತಿರಸ್ಕರಿಸುತ್ತಾರೆ. ಬರೆಯಲು ಬೇಕಾದದ್ದು ಅಂದಂದಿನ ಟಿಪ್ಪಣಿ: ಎಷ್ಟು ಗಂಟೆಗೆ ಆಸ್ಪತ್ರೆ ಸೇರಿದ್ದು, ಯಾವಾಗ ಚೆಂಡು, ಯಾವಾಗ ಶಾಖ, ಎಪಿಡ್ಯೂರಲ್ ಎಷ್ಟಕ್ಕೆ, ಯಾವ ಪ್ರಶ್ನೆಯನ್ನು ಡಾಕ್ಟರಿಗೆ ಒಪ್ಪಿಸಿದ್ದು. ಹೆರಿಗೆಯಾದ 24 ಗಂಟೆಯೊಳಗೆ ಬರೆದದ್ದಕ್ಕೆ ಇರುವ ತೂಕ ಎರಡು ವರ್ಷದ ನಂತರ ನೆನಪಿನಿಂದ ಹೇಳಿದ್ದಕ್ಕಿಲ್ಲ.

ಕಂಪನಿ ಅನ್ಯಾಯವಾಗಿ ತಿರಸ್ಕರಿಸಿತು ಎನಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳು ಕಾಯಿರಿ. ಬಳಿಕ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ₹50 ಲಕ್ಷದವರೆಗಿನ ತಕರಾರು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕ ಆಯೋಗದಲ್ಲೋ ಇದ್ದರೆ ಅವರು ಮುಟ್ಟುವುದಿಲ್ಲ.

ವಿಮಾ ಕಂಪನಿಗಳಿಂದ ನಾವು ಕೇಳುವುದು ಹೊಸ ಯೋಜನೆಯನ್ನೇನಲ್ಲ. ಈಗಿರುವ ಪಾಲಿಸಿಗೇ ಒಂದು ಪುಟದ ಡೂಲಾ ಎಂಡಾರ್ಸ್‌ಮೆಂಟ್: ವೈದ್ಯಕೀಯವಲ್ಲದ ಸೇವೆಯ ಸ್ಪಷ್ಟ ವಿವರಣೆ, ದೈಹಿಕ ಗಾಯಕ್ಕೆ ರಕ್ಷಣೆ, 1:1 ಮಿತಿ. ಆಸ್ಪತ್ರೆಗಳು ಮೊದಲ ಪುಟದ ಬದಲು ಮೂರು ಪುಟ ಕೇಳಲಿ: ವೃತ್ತಿವಿವರಣೆ ಇರುವ ಷೆಡ್ಯೂಲ್, ಹೊರಗಿಟ್ಟ ಸಂಗತಿಗಳ ಪಟ್ಟಿ, ರೆಟ್ರೊಆ್ಯಕ್ಟಿವ್ ತಾರೀಕು. ದಂಪತಿಗಳೂ ಮುಂಗಡ ಕೊಡುವ ದಿನವೇ ಈ ಮೂರರ ಫೋಟೊ ತರಿಸಿಕೊಳ್ಳಬಹುದು. ಬದಲಿಗೆ ಬರುವ ಡೂಲಾಳದ್ದೂ ಸೇರಿಸಿ.

ಇತಿ,
ಕೆಲವು ಡೂಲಾಗಳು ಮತ್ತು ಹೊಣೆಗಾರಿಕೆ ವಿಮೆಯ ಕೆಲಸದಲ್ಲಿರುವವರು
ಬೆಂಗಳೂರು